ಔಷಧಿ ಹೊಡೆದ ಸೌತೆಕಾಯಿ

ಕಳೆದ ವಾರ ಬೆಂಗಳೂರಿನಿಂದ ನನ್ನ ತಮ್ಮನ ಮಗಳು ದೂರವಾಣಿ ಮಾಡಿದ್ದಳು. ಅದೂ ಇದೂ ಮಾತಾದ ಮೇಲೆ ಕೇಳಿದಳು: "ದೊಡ್ಡಪ್ಪ, ತರಕಾರಿಯನ್ನು ಅರ್ಧ ಗಂಟೆ ಉಪ್ಪುನೀರಿನಲ್ಲಿ ನೆನೆಸಿಟ್ಟರೆ ವಿಷವೆಲ್ಲ ಹೋಗುತ್ತದಂತೆ, ನಿಜವೆ? ನೀವು ವಿಜ್ಞಾನದ ಮೇಷ್ಟ್ರಲ್ಲವೆ, ಹೇಳಿ." ಅವಳ ಮಗುವಿಗೆ ಈಗ ಎರಡು ವರ್ಷ. ಸೌತೆಕಾಯಿಯ ಹೋಳನ್ನು ಕೈಗೆ ಕೊಟ್ಟರೆ ಕಡಿಯುತ್ತ ಮನೆಯೆಲ್ಲ ಓಡಾಡುತ್ತದಂತೆ. "ವಿಚಾರಿಸಿ ಹೇಳುತ್ತೇನಮ್ಮ" ಎಂದು ಮಾತು ತೇಲಿಸಿ ಫೋನು ಇಟ್ಟುಬಿಟ್ಟೆ. ವಿಚಾರಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಸೌತೆಕಾಯಿ ಎಂದೊಡನೆ ನಲವತ್ತು ವರ್ಷಗಳಿಗೂ ಹಿಂದಿನ ಒಂದು ಸೋಮವಾರ ಕಣ್ಣ ಮುಂದೆ ಬಂದು ನಿಂತಿತು; ನಾಲಗೆ ಏಳಲಿಲ್ಲ, ಅಷ್ಟೆ.

ಆ ಸೋಮವಾರದ ಸಂಗತಿಯನ್ನು ನಾನು ಇದುವರೆಗೆ ಬರೆದವನಲ್ಲ. ಆ ತಂಡದ ವಿದ್ಯಾರ್ಥಿಗಳಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಯಾರ ಮೇಲೆ ಅದು ನಡೆಯಿತೋ ಅವನ ಒಪ್ಪಿಗೆ ಪಡೆದೇ ಈಗ ಬರೆಯುತ್ತಿದ್ದೇನೆ. "ಬರೀರಿ ಸಾರ್, ಹೆಸರೊಂದು ಬೇಡ" ಎಂದ. ಹಾಗೆಯೇ ಆಗಲಿ.

ನಮ್ಮ ಪ್ರೌಢಶಾಲೆಯ ಹಿಂಬದಿಯಲ್ಲಿ ಒಂದು ಬಾವಿಯೂ ಅದರ ಸುತ್ತ ಎಂಟು ಹತ್ತು ಗುಂಟೆ ಬರಿಯ ಜಾಗವೂ ಇದ್ದದ್ದು ಹಳಬರಿಗೆ ನೆನಪಿರಬಹುದು. ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಳ್ಳಬೇಕೆಂಬ ಹಂಬಲ ನನಗೆ. ಹಣವಿರಲಿಲ್ಲ. 1984ರ ಮಳೆಗಾಲದಲ್ಲಿ ಹುಡುಗರನ್ನು ಕಟ್ಟಿಕೊಂಡು ಆ ಜಾಗದಲ್ಲಿ ಸೌತೆ ಹಾಕಿಸಿದೆ. ಕಾಯಿಯನ್ನು ಸೋಮವಾರದ ಸಂತೆಯಲ್ಲಿ ಮಾರುವುದು, ಬಂದ ಹಣವನ್ನು ಕೂಡಿಡುವುದು, ಇದು ಏರ್ಪಾಡು. ಬಳ್ಳಿ ಸೊಗಸಾಗಿ ಹಬ್ಬಿತು. ಎರಡು ಸಂತೆಗೆ ಕಾಯಿಯೂ ಹೋಯಿತು. ಆಮೇಲೆ ಹೇನು ಬಿದ್ದು ಎಲೆಗಳು ಮುದುಡತೊಡಗಿದವು. ಒಬ್ಬ ವಿದ್ಯಾರ್ಥಿಯ ತಂದೆ ಹತ್ತಿಗೆಂದು ತಂದು ಉಳಿಸಿದ್ದ ಅರ್ಧ ಡಬ್ಬಿಯನ್ನು ಕೊಟ್ಟು ಕಳುಹಿಸಿದರು. ಮೋನೋಕ್ರೋಟೋಫಾಸ್. ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆಯ ಚಿತ್ರ.

ಭಾನುವಾರ ಸಂಜೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆನ್ನಿಗೆ ಪಂಪು ಏರಿಸಿಕೊಂಡು ನಿಂತ. "ಔಷಧಿ ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿದ. ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ ನಾನು "ಎರಡು ಮುಚ್ಚಳ ಹಾಕೋ, ನಾಳೆ ಸಂತೆ" ಎಂದೆ. ಈ ಎರಡು ಮಾತಿಗೆ ಏನು ಸಂಬಂಧವೆಂದು ಇಂದಿಗೂ ನನಗೆ ತಿಳಿಯದು. ಕೈಯಿಂದಲೇ ಕಲಕಿದ. ಪಂಪಿನ ಕೊಳವೆ ಸೋರುತ್ತಿತ್ತು. ಅಂಗಿಯ ಬೆನ್ನು ತೊಯ್ದಿತ್ತು. ಅದೇ ಅಂಗಿಯಲ್ಲಿ ಮನೆಗೆ ಹೋದ, ಮಲಗಿದ, ಬೆಳಗಿನ ಜಾವ ಅದೇ ಅಂಗಿಯಲ್ಲಿ ಕಾಯಿ ಕೊಯ್ಯಲು ಬಂದ. ಕೊಯ್ಯುತ್ತ ಎರಡು ಎಳೆಯ ಕಾಯಿಗಳನ್ನು ಚಡ್ಡಿಗೆ ಒರೆಸಿಕೊಂಡು ತಿಂದ. ನಾನು ನೋಡಿದೆ, ನಕ್ಕೆ.

ಎಣಿಸಿದ್ದು 140 ಕಾಯಿ. ಇಬ್ಬರು ದೊಡ್ಡ ಹುಡುಗರು ಬುಟ್ಟಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಂತೆಗೆ ಹೊರಟರು. ಎರಡನೆಯ ಪಿರಿಯಡ್ಡಿನಲ್ಲಿ ಇವನು ಬೆಂಚಿನ ಮೇಲೆ ತಲೆಯಿಟ್ಟ. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು, ಕಣ್ಣಿಂದ ನೀರು. ವಾಂತಿಯಾಯಿತು. ಕೆನ್ನೆಯ ಮಾಂಸಖಂಡ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಊರಿನ ಯಜಮಾನರೊಬ್ಬರ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ವೈದ್ಯರು ಬಗ್ಗಿ ಅವನ ಅಂಗಿಯನ್ನು ಮೂಸಿದರು, ರೆಪ್ಪೆ ಬಿಡಿಸಿ ನೋಡಿದರು. ಕಣ್ಣಿನ ಪಾಪೆ ಗುಂಡುಸೂಜಿಯ ಮೊನೆಯಷ್ಟಾಗಿತ್ತು. ಮೊದಲು ಅಂಗಿ ಬಿಚ್ಚಿಸಿ ಸೋಪುನೀರಿನಿಂದ ಮೈ ತೊಳೆಸಿದರು. ಜೊತೆಜೊತೆಗೇ ಅಟ್ರೊಪಿನ್ ಚುಚ್ಚುಮದ್ದು. ಒಂದಲ್ಲ, ಹಲವು ಸಲ, ಎದೆಯೊಳಗಿನ ನೀರು ಒಣಗುವವರೆಗೆ. ನಡುವೆ ನನ್ನ ಕಡೆ ತಿರುಗಿ ಎರಡೇ ಪ್ರಶ್ನೆ ಕೇಳಿದರು. "ಯಾವಾಗ ಹೊಡೆದದ್ದು? ಯಾವಾಗ ಕೊಯ್ದದ್ದು?"

ನಿನ್ನೆ ಸಂಜೆ, ಇವತ್ತು ಬೆಳಿಗ್ಗೆ ಎಂದೆ.

"ಡಬ್ಬಿ ಜೊತೆ ಬರೋ ಕಾಗದದಲ್ಲಿ ಬರೆದಿರ್ತಾರೆ ಮೇಷ್ಟ್ರೇ. ಓದಲಿಲ್ವೆ? ಓದೋದು ಕಲಿಸೋರು ನೀವು."

ಓದಿರಲಿಲ್ಲ. ಆ ಕಾಗದ ಅಷ್ಟಗಲ ಮಡಿಕೆಯಾಗಿ ಹತ್ತಾರು ಭಾಷೆಗಳಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿರುತ್ತದೆ ಎಂಬುದು ನಿಜ. ಹಾಗೆಂದು ಸಮಜಾಯಿಷಿ ಹೇಳಲು ನನಗೆ ಬಾಯಿಲ್ಲ. ನನಗೆ ಆ ಕ್ಷಣದಲ್ಲಿ ಹೊಳೆದದ್ದು ಬೇರೆ: ಸಂತೆಗೆ ಹೋದ ಬುಟ್ಟಿಗಳು. ಹುಡುಗನ ಅಜ್ಜಿಯನ್ನು ಅವನ ಬಳಿ ಕೂರಿಸಿ, ಯಾರದೋ ಸೈಕಲ್ಲು ಇಸಿದುಕೊಂಡು ಸಂತೆಮಾಳಕ್ಕೆ ಓಡಿದೆ. ನಮ್ಮ ಹುಡುಗರು ವ್ಯಾಪಾರ ಚೆನ್ನಾಗಿದೆಯೆಂದು ಉತ್ಸಾಹದಲ್ಲಿದ್ದರು. ಉಳಿದದ್ದನ್ನು ಎಣಿಸಿದೆ. 93 ಇದ್ದವು. ತಂದು ಗುಂಡಿ ತೋಡಿ ಹೂಳಿದೆವು. 47 ಹೋಗಿದ್ದವು. ಯಾರ ಮನೆಗೆ, ಯಾವ ಮಗುವಿನ ಕೈಗೆ, ನನಗೆ ತಿಳಿಯದು. ಆ ವಾರವೆಲ್ಲ ಸುತ್ತಲ ಹಳ್ಳಿಗಳಿಂದ ಏನಾದರೂ ಸುದ್ದಿ ಬರುತ್ತದೋ ಎಂದು ಬಸ್ಸು ಬಂದಾಗಲೆಲ್ಲ ಹೋಗಿ ನಿಲ್ಲುತ್ತಿದ್ದೆ. ಬರಲಿಲ್ಲ. ಹುಡುಗ ನಾಲ್ಕನೆಯ ದಿನ ಮನೆಗೆ ಬಂದ. ವಿಷ ಹೆಚ್ಚಾಗಿ ಚರ್ಮದ ಮೂಲಕವೇ ಹೋಗಿರಬೇಕು, ತಿಂದ ಕಾಯಿ ಅದಕ್ಕೆ ಕೂಡಿಕೊಂಡಿರಬೇಕು ಎಂದು ವೈದ್ಯರು ಹೇಳಿದರು. ಅವನ ಅಜ್ಜಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ವಿಪರ್ಯಾಸವೆಂದರೆ ಅದೇ ವರ್ಷ ಹತ್ತನೆಯ ತರಗತಿಗೆ ನಾನು ನರಮಂಡಲ ಪಾಠ ಮಾಡಿದ್ದೆ. ಒಂದು ನರತಂತು ಮುಗಿದು ಇನ್ನೊಂದು ಆರಂಭವಾಗುವಲ್ಲಿ, ನರವು ಸ್ನಾಯುವನ್ನು ಮುಟ್ಟುವಲ್ಲಿ, ಕೂದಲೆಳೆಗಿಂತ ಕಿರಿದಾದ ಒಂದು ಕಂದರವಿದೆ. ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಆ ಕಂದರವನ್ನು ದಾಟಿ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದೊಡನೆ ಒಂದು ಕಿಣ್ವ ಬಂದು ಅದನ್ನು ಒಡೆದು ಹಾಕಬೇಕು. ಇಲ್ಲವಾದರೆ ಅದೇ ಸುದ್ದಿ ಮತ್ತೆ ಮತ್ತೆ ಬಡಿಯುತ್ತಲೇ ಇರುತ್ತದೆ. ಆರ್ಗನೋಫಾಸ್ಫೇಟುಗಳು ಮಾಡುವುದಿಷ್ಟೆ: ಆ ಕಿಣ್ವದ ಕೈ ಕಟ್ಟುತ್ತವೆ. ಆಗ ಬೆವರು ನಿಲ್ಲದು, ಜೊಲ್ಲು ನಿಲ್ಲದು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಸ್ನಾಯುಗಳು ಕುಣಿದು ಕುಣಿದು ಸೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯುವೂ ಸೋಲುತ್ತದೆ. ಹೇನಿಗೂ ಇದೇ ಕಿಣ್ವ, ಹುಡುಗನಿಗೂ ಇದೇ ಕಿಣ್ವ. ಇದನ್ನೆಲ್ಲ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ವಿವರಿಸಿದವನು ನಾನು. ಬಾವಿಕಟ್ಟೆಯ ಮೇಲೆ ಕುಳಿತಾಗ ಅದು ನೆನಪಾಗಲಿಲ್ಲ. (ಅಟ್ರೊಪಿನ್ ನಮ್ಮ ಬೇಲಿಯ ಉಮ್ಮತ್ತದ ಗಿಡದಲ್ಲೂ ಇರುವ ವಿಷ. ಒಂದು ವಿಷದ ಬಾಯಿ ಮುಚ್ಚಲು ಇನ್ನೊಂದು ವಿಷ. ಮನೆಮದ್ದೆಂದು ಯಾರೂ ಉಮ್ಮತ್ತಕ್ಕೆ ಕೈ ಹಾಕಬೇಡಿ, ಮಾರಾಯರೆ. ಅದರ ಅಳತೆ ವೈದ್ಯರಿಗೆ ಮಾತ್ರ ತಿಳಿದದ್ದು.)

ಯೋಚಿಸಿ ನೋಡಿದರೆ ನಾನು ಎಡವಿದ್ದು ಒಂದು ಪದದಲ್ಲಿ. ಔಷಧಿ. ನಮ್ಮ ಕಡೆ ಯಾರೂ ವಿಷ ಹೊಡೆಯುವುದಿಲ್ಲ; ಔಷಧಿ ಹೊಡೆಯುತ್ತಾರೆ. ಬಳ್ಳಿಗೆ ಕಾಯಿಲೆ, ಅದಕ್ಕೆ ಔಷಧಿ, ಸ್ವಲ್ಪ ಹೆಚ್ಚಾದರೆ ಬೇಗ ಗುಣ. ಎರಡು ಮುಚ್ಚಳದ ತರ್ಕ ಬಂದದ್ದು ಅಲ್ಲಿಂದ. ಇದೇ ದ್ರವವನ್ನು ಒಬ್ಬ ಮನುಷ್ಯ ಕುಡಿದಾಗ ಮಾತ್ರ ಅದೇ ಊರಿನ ಬಾಯಲ್ಲಿ ಅದು ವಿಷವಾಗುತ್ತದೆ.

ಈ ರಾಸಾಯನಿಕಗಳ ಹುಟ್ಟೂ ಅಂಥದ್ದೇ. ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಎಂಬ ರಸಾಯನ ವಿಜ್ಞಾನಿ 1930ರ ದಶಕದಲ್ಲಿ ಬೆಳೆಯ ಕೀಟಗಳಿಗೆ ಮದ್ದು ಹುಡುಕುತ್ತಿದ್ದ. 1936ರಲ್ಲಿ ಅವನ ಕೈಗೆ ಸಿಕ್ಕಿದ್ದು ಟಾಬುನ್. ಅದರ ಅಲ್ಪ ಸೋಂಕಿಗೇ ಅವನಿಗೂ ಅವನ ಸಹಾಯಕನಿಗೂ ಕಣ್ಣು ಮಂಜಾಗಿ ಉಸಿರು ಬಿಗಿಯಿತು. ಪಾಪೆ ಕಿರಿದಾಗಿತ್ತು, ನಮ್ಮ ಹುಡುಗನಿಗಾದಂತೆಯೇ. ಟಾಬುನ್ ಸೈನ್ಯದ ಪಾಲಾಯಿತು. ಅದರ ಹಿಂದೆಯೇ ಸಾರಿನ್ ಬಂತು. 1944ರಲ್ಲಿ ಅದೇ ಶ್ರೇಡರ್ ಪ್ಯಾರಾಥಿಯಾನ್ ತಯಾರಿಸಿದ. ಅದು ಫಾಲಿಡಾಲ್ ಎಂಬ ಹೆಸರಿನಲ್ಲಿ ನಮ್ಮ ಹಳ್ಳಿಗಳಿಗೆ ಬಂದದ್ದು ಹಿರಿಯರಿಗೆಲ್ಲ ಗೊತ್ತು.

ಊಟದ ತಟ್ಟೆಗೆ ಇದು ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ದೇಶದ ಮೊದಲ ದೊಡ್ಡ ಪಾಠ 1958ರಲ್ಲಿ ಕೇರಳದಲ್ಲಿ ಆಯಿತು. ಗೋಧಿಹಿಟ್ಟಿನ ಮೂಟೆಗಳ ಜೊತೆ ಒಂದೇ ಹಡಗಿನಲ್ಲಿ ಬಂದ ಫಾಲಿಡಾಲ್ ಸೋರಿ ಹಿಟ್ಟಿಗೆ ಇಳಿದಿತ್ತು. ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯಿದೆಯ ಬೇರು ಅಲ್ಲಿದೆ. ಐವತ್ತೈದು ವರ್ಷಗಳ ತರುವಾಯ, 2013ರ ಜುಲೈ 16ರಂದು, ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಇತ್ತು. ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ಶಿಕ್ಷೆಯಾಯಿತು. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಎಲ್ಲರೂ ಆಕೆಯನ್ನು ಶಪಿಸುತ್ತಿದ್ದಾಗ ನಾನು ಸುಮ್ಮನಿದ್ದೆ. ನನಗೂ ಆಕೆಗೂ ನಡುವೆ ಇದ್ದ ಅಂತರ ಒಬ್ಬ ತಾಲ್ಲೂಕು ವೈದ್ಯರ ಜಾಣ್ಮೆಯದು. 2018ರ ಡಿಸೆಂಬರಿನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೇಕೆಂದೇ ವಿಷ ಬೆರೆಸಿದ್ದು, 17 ಮಂದಿ ಸತ್ತದ್ದು ಬೇರೆಯ ಮಾತು, ಅದು ಪಾತಕ. ಆದರೆ ಆ ವಿಷವೂ ಹೊಲಕ್ಕೆಂದು ಅಂಗಡಿಯಲ್ಲಿ ಮಾರುವಂಥದ್ದೇ.

ಇವು ಪತ್ರಿಕೆಗೆ ಬರುವ ಸಾವುಗಳು. ನನ್ನ ತಮ್ಮನ ಮಗಳು ಕೇಳಿದ್ದು ಪತ್ರಿಕೆಗೆ ಬಾರದ ಸಂಗತಿಯನ್ನು: ದಿನವೂ ಚೂರು ಚೂರು ಒಳಗೆ ಹೋಗುವುದನ್ನು. ಈ ವಿಷಯದಲ್ಲಿ ನನ್ನ ಮನಸ್ಸಿಗೆ ತಟ್ಟಿದ ಒಂದು ಅಧ್ಯಯನ ಅಮೆರಿಕದ ಸಿಯಾಟಲ್ ಪ್ರದೇಶದ್ದು, 2006ರಲ್ಲಿ ಪ್ರಕಟವಾದದ್ದು. ಶಾಲೆಗೆ ಹೋಗುವ 23 ಮಕ್ಕಳ ಊಟವನ್ನು ಐದು ದಿನ ಮಾತ್ರ ಸಾವಯವ ಆಹಾರಕ್ಕೆ ಬದಲಿಸಿದರು. ಅವರ ಮೂತ್ರದಲ್ಲಿ ಅದುವರೆಗೆ ಕಾಣುತ್ತಿದ್ದ ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸುಗಳ ಕುರುಹು ಹೆಚ್ಚುಕಡಿಮೆ ಕೂಡಲೇ ಅಳತೆಗೆ ಸಿಗದಷ್ಟು ಇಳಿಯಿತು. ಹಳೆಯ ಊಟಕ್ಕೆ ಮರಳಿದೊಡನೆ ಮತ್ತೆ ಏರಿತು. ಮಕ್ಕಳ ಮೈಗೆ ಅದು ಬರುತ್ತಿದ್ದ ದಾರಿ ಮುಖ್ಯವಾಗಿ ತಟ್ಟೆಯೇ ಎಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಯೋಗ ನನಗೆ ತೋರದು. ಆ ಚೂರಿನಿಂದ ಯಾವ ಮಗುವಿಗೆ ಏನಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ತಾಯಿಯ ಗರ್ಭದಲ್ಲಿರುವಾಗ ಕ್ಲೋರ್‌ಪೈರಿಫಾಸ್ ಸೋಂಕು ಹೆಚ್ಚಾಗಿದ್ದ ಮಕ್ಕಳನ್ನು ಏಳನೆಯ ವಯಸ್ಸಿನವರೆಗೆ ಗಮನಿಸಿ, ಅವರ ಬುದ್ಧಿಮಾಪನದ ಅಂಕಗಳೂ ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯೂ ಕಡಿಮೆಯಿರುವುದನ್ನು 2011ರಲ್ಲಿ ವರದಿ ಮಾಡಿದರು. ಅಲ್ಲಿ ಸೋಂಕು ಬಂದದ್ದು ಬಹುಪಾಲು ಮನೆಯೊಳಗೆ ಹೊಡೆದ ಮದ್ದಿನಿಂದ, ತಟ್ಟೆಯಿಂದಲ್ಲ. ಅಷ್ಟನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ, ಹಿಂದಿನ ಬೆಂಚಿನಲ್ಲಿ ಕುಳಿತು ಎಷ್ಟು ಹೇಳಿದರೂ ನೆನಪಿಡದೆ ಪೆಟ್ಟು ತಿಂದ ಕೆಲವು ಮುಖಗಳು ಇದನ್ನು ಓದುವಾಗ ನೆನಪಾದವು. ಕಾರಣ ಏನೇನಿತ್ತೋ! ಪೆಟ್ಟಂತೂ ಕೊಟ್ಟಿದ್ದೆ.

ಯೂರೋಪಿನ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸಿಗೆ ಬಾಗಿಲು ಹಾಕಿತು. 2025ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ದೇಶಗಳು ಕೆಲವು ವಿನಾಯಿತಿಗಳೊಂದಿಗೆ ಅದನ್ನು ತೊಡೆದುಹಾಕಬೇಕಾದವುಗಳ ಪಟ್ಟಿಗೆ ಸೇರಿಸಿದವು. ನಮ್ಮಲ್ಲಿ ಮೋನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲೇ ಆಜ್ಞೆಯಾಯಿತು. ಹತ್ತಿಗೆ ಕೊಂಡ ಡಬ್ಬಿ ಬೆಂಡೆಯ ಸಾಲಿಗೆ ಹೋಗಬಾರದೆಂದು ಆ ಡಬ್ಬಿಗೆ ಹೇಳುವವರು ಯಾರು? ನಾನೇ ಅದಕ್ಕೆ ಸಾಕ್ಷಿ. ಎಲ್ಲರೂ ಬಳಸುವ ಅದರ ದ್ರವರೂಪದ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ಫೊರೇಟ್, ಡೈಕ್ಲೋರ್ವಾಸ್ ಮೊದಲಾದವು 2020ರ ಕೊನೆಗೆ ನಿಂತಿದ್ದವು.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಇವು ಡಿ.ಡಿ.ಟಿ.ಯಂತೆ ದಶಕಗಟ್ಟಲೆ ಮಣ್ಣಿನಲ್ಲಿ ಕುಳಿತಿರುವುದಿಲ್ಲ. ಬಹುಪಾಲು ದಿನಗಳಲ್ಲಿ, ವಾರಗಳಲ್ಲಿ ಒಡೆದು ಹೋಗುತ್ತವೆ. ಅದಕ್ಕೇ ಡಿ.ಡಿ.ಟಿ. ಬೇಡವೆಂದಾಗ ಇವು ಮುಂದೆ ಬಂದವು. ಆದರೆ ಒಡೆಯುವ ಮುನ್ನ ಎದುರಿಗೆ ಬಂದದ್ದನ್ನು ಬಿಡುವುದಿಲ್ಲ. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಅರ್ಜೆಂಟೀನಾಕ್ಕೆ ಹಾರಿಬರುವ ಸ್ವೇನ್‌ಸನ್ ಗಿಡುಗಗಳು ಮಿಡತೆ ತಿನ್ನುವ ಹಕ್ಕಿಗಳು, ಎಂದರೆ ರೈತನ ಕಡೆಯವು. 1995-96ರಲ್ಲಿ ಮಿಡತೆಗೆಂದು ಹೊಡೆದ ಮೋನೋಕ್ರೋಟೋಫಾಸಿನಿಂದ ಅವು ಸಾವಿರಾರು ಸಂಖ್ಯೆಯಲ್ಲಿ ಮರದ ಬುಡದಲ್ಲಿ ಸತ್ತು ಬಿದ್ದವು. ಅಷ್ಟು ದೂರ ಹೋಗಬೇಕಾಗಿಲ್ಲ. ಆ ಭಾನುವಾರದ ಮೇಲೆ ನಮ್ಮ ಶಾಲೆಯ ಬಳ್ಳಿಗಳಲ್ಲಿ ಹೂ ತುಂಬ ಬಿಟ್ಟವು, ಕಾಯಿ ನಿಲ್ಲಲಿಲ್ಲ. ಸೌತೆಯ ಹೂವಿಗೆ ಜೇನುಹುಳ ಬಂದು ಕೂರಬೇಕು. ಬರಲಿಲ್ಲ. ಪರಾಗಸ್ಪರ್ಶದ ಪಾಠವನ್ನೂ ನಾನೇ ಮಾಡುತ್ತಿದ್ದೆ!

ಇನ್ನು ಉಪ್ಪುನೀರಿನ ಪ್ರಶ್ನೆ. ಮಗಳೇ, ಸಿಪ್ಪೆಯ ಮೇಲೆ ಕೂತಿರುವುದರಲ್ಲಿ ಒಂದು ಪಾಲು ತೊಳೆದರೆ ಹೋಗುತ್ತದೆ. ಉಪ್ಪಿಗಿಂತ ಹರಿಯುವ ನೀರು, ಅದಕ್ಕಿಂತ ಕೈಯಿಂದ ಉಜ್ಜುವುದು ಮುಖ್ಯ. ಮಗುವಿಗೆ ಕೊಡುವ ಸೌತೆಕಾಯಿಯ ಸಿಪ್ಪೆ ತೆಗೆ. ಎಲೆಕೋಸಿನ ಹೊರಗಿನ ಎಲೆಗಳನ್ನು ಎಸೆ. ಸೋಪು ಹಚ್ಚಬೇಡ. ಆದರೆ ಮೋನೋಕ್ರೋಟೋಫಾಸ್, ಡೈಮಿಥೋಯೇಟ್, ಅಸಿಫೇಟ್ ಮುಂತಾದವು ಗಿಡದ ರಸದೊಳಗೆ ಸೇರಿಕೊಂಡು ಹರಿಯುವಂಥವು. ಎಲೆ ಕುಡಿದದ್ದನ್ನು ಕಾಯಿಯ ತಿರುಳೂ ಕುಡಿದಿರುತ್ತದೆ. ಅದನ್ನು ನಿನ್ನ ಉಪ್ಪೂ ತೊಳೆಯದು, ಹುಣಿಸೆಹುಳಿಯೂ ತೊಳೆಯದು. ಅದನ್ನು ತೊಳೆಯುವುದು ದಿನಗಳು ಮಾತ್ರ, ಗಿಡದ ಮೇಲೆಯೇ, ಬಿಸಿಲಿನಲ್ಲಿ. ಹೊಡೆದ ದಿನಕ್ಕೂ ಕೊಯ್ಯುವ ದಿನಕ್ಕೂ ನಡುವೆ ಇಷ್ಟು ದಿನ ಇರಬೇಕೆಂದು ಒಂದೊಂದು ಬೆಳೆಗೆ ಒಂದೊಂದು ಲೆಕ್ಕವಿದೆ. ಆ ವೈದ್ಯರು ನನ್ನನ್ನು ಕೇಳಿದ ಎರಡು ಪ್ರಶ್ನೆಗಳಲ್ಲಿ ಇಡೀ ಶಾಸ್ತ್ರವಿತ್ತು. ಹಾಗೆಂದು ತರಕಾರಿ ಬಿಡಬೇಡ. ತರಕಾರಿ ತಿನ್ನದ ಮಗುವಿಗೆ ಆಗುವ ನಷ್ಟ ಖಂಡಿತವಾದದ್ದು.

ಕಾಯಲು ರೈತನಿಗೇಕೆ ಕಷ್ಟವೆಂದು ಪೇಟೆಯವರು ಕೇಳಬಹುದು. ಸೌತೆ, ಬೆಂಡೆಗಳನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಒಂದು ವಾರ ಕಾದರೆ ಕಾಯಿ ಬಲಿತು ದನಕ್ಕೆ ಹಾಕಬೇಕಾಗುತ್ತದೆ. ಆ ಮೂರು ನಾಲ್ಕು ಕೊಯ್ಲಿನ ಹಣ ಕೊಡುವವರು ಯಾರು? ಹುಳ ಕೊರೆದ ಕಾಯಿಯನ್ನು ಕೊಳ್ಳುವವರೂ ಇಲ್ಲ. ನೀನು ಬೆಂಡೆಯ ತುದಿ ಮುರಿದು, ಹೊಳೆಯುವುದನ್ನೇ ಆರಿಸಿ ತೆಗೆದುಕೊಳ್ಳುತ್ತೀಯೆ. ನಾನೂ ಹಾಗೆಯೇ.

ಆ ಹುಡುಗನಿಗೆ ಈಗ ಐವತ್ತೈದು ದಾಟಿದೆ. ಮೊಮ್ಮಗನ ನಾಮಕರಣಕ್ಕೆ ಕರೆಯಲು ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದಿದ್ದ. ಒಂದು ಎಕರೆಯಲ್ಲಿ ಮಿಡಿಸೌತೆ ಬೆಳೆಯುತ್ತಾನೆ. ನಮ್ಮ ಬಯಲುಸೀಮೆಯಲ್ಲಿ ಈಚಿನ ದಶಕಗಳಲ್ಲಿ ಹಬ್ಬಿದ ಬೆಳೆ ಅದು. ಕಂಪನಿಯವರೇ ಬೀಜ ಕೊಟ್ಟು, ಕಾಯಿ ಕೊಂಡು, ಉಪ್ಪುನೀರಿನ ಪೀಪಾಯಿಗಳಲ್ಲಿ ಯೂರೋಪು ಅಮೆರಿಕಗಳಿಗೆ ಕಳುಹಿಸುತ್ತಾರೆ. ಅವನ ಚೀಲದಲ್ಲಿ ಒಂದು ಪುಸ್ತಕವಿತ್ತು. ಹೊಡೆದ ತಾರೀಖು, ಔಷಧಿಯ ಹೆಸರು, ಎಷ್ಟು ಮಿಲಿ, ಕೊಯ್ದ ತಾರೀಖು, ಎಲ್ಲ ಕ್ರಮವಾಗಿ ಬರೆದಿತ್ತು. ಅಕ್ಷರ ಒಂಬತ್ತನೆಯ ತರಗತಿಯಲ್ಲಿದ್ದಷ್ಟೇ ದುಂಡಗಿತ್ತು. "ಸ್ವಲ್ಪ ಹೆಚ್ಚುಕಮ್ಮಿಯಾದ್ರೂ ಲೋಡು ವಾಪಸ್ ಸಾರ್. ಲ್ಯಾಬಲ್ಲಿ ಗೊತ್ತಾಗ್ಬಿಡುತ್ತೆ" ಎಂದ. ನನಗೆ ಕಣ್ಣು ತುಂಬಿತು. ಬಾವಿಕಟ್ಟೆಯಿಂದ ಇಲ್ಲಿಯವರೆಗೆ ಬಂದನಲ್ಲ ಎಂದು.

"ಬೆಂಡೆಕಾಯೂ ಹಾಕಿದ್ದೀಯಂತಲ್ಲ, ಅದರ ಪುಸ್ತಕ ಎಲ್ಲಿ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಸಂತೆಗೆ ಸಾರ್" ಎಂದ.

ಹೊರಡುವಾಗ ಚೀಲದಿಂದ ಆರು ಸೌತೆಕಾಯಿ ತೆಗೆದು ಮೇಜಿನ ಮೇಲಿಟ್ಟ. "ಇದು ಮನೆಗೇಂತ ಬೇರೆ ಮಡಿ ಸಾರ್. ಏನೂ ಹೊಡೆದಿಲ್ಲ, ಧೈರ್ಯವಾಗಿ ತಿನ್ನಿ." ಅವನಿಗೆ ನಾನು ಏನು ಹೇಳಬಲ್ಲೆ? 47ರ ಲೆಕ್ಕ ಇನ್ನೂ ನನ್ನ ಹೆಸರಿನಲ್ಲೇ ಇದೆ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದು ಹೋಗಿ, ಅವನನ್ನು ಬಸ್ಸು ಹತ್ತಿಸಿ ಬಂದೆ.